ಏಳು ತುತ್ತಿನ ಕುದುರೆ

ಕೆರೀತೈತೆ, ಅಯ್ಯೋ ಶಿವನೇ ಎಷ್ಟು ಕೆರೀತೈತೆ, ಎಡ ರಟ್ಟೆಗೆ ಕುಪ್ಪಸದ ತೋಳು ಒಂಚೂರು ತಾಗಿದ್ರೂ ಜುಂ ಅಂತೈತೆ, ಕೆರ್ಕೋಬಾರ್ದಂತೆ, ಕೆರ್ಕೊಂಡ್ರೆ ಕೀವಾಗಿ ಕೈಯೇ ಊದ್ಕೊಳ್ತದಂತೆ, ಸಿಡುಬು ಬರದಂಗೆ ದಾಕು ಹಾಕೋಕೆ ಬಂದಿದ್ದ ಆ ದಾಕಿನಯ್ಯ ಹಂಗಂತ ಹೇಳಿ ಹೋದ, ಅದಕ್ಕೇ ನಾನು ಕೈನ ಮೈಯಿಂದ ಒಂದು ಗೇಣು ದೂರ ಹಿಡ್ಕೊಂಡು ಕೂತಿದೀನಿ, ರೆಕ್ಕೆ ನೋಯಿಸ್ಕೊಂಡ ಹೇಂಟೆ ಹಂಗೆ, ಮುಂದೆ ನಮ್ಮ ತೋಟದ ಕಿತ್ತಳೆ ರಾಶಿ, ಪಕ್ಕದಲ್ಲಿ ಅಜ್ಜಿ, ಅಜ್ಜಿ ತೊಡೆ ಮೇಲೆ ಒದ್ದೆ ಬಟ್ಟೇಲಿ ಸುತ್ತಿದ ವೀಳ್ಯದೆಲೆ ಕಟ್ಟು — ಆ ಕಟ್ಟು ಕಡೆ ನೋಡಬಾರದು ಅಂದ್ಕೋತೀನಿ, ನೋಡ್ತೀನಿ, ಮಂಜು ಇನ್ನೂ ಪೂರ್ತಿ ಎದ್ದಿಲ್ಲ, ಉಪ್ಪಿನ ಗಾಡಿ ಎತ್ತುಗಳ ಬಾಯಿಂದ ಹೊಗೆ ಹೊಗೆ, ಶನಿವಾರಸಂತೆ ಇಷ್ಟು ಬೇಗ ತುಂಬಿದ್ದು ನಾನು ನೋಡೇ ಇಲ್ಲ, ಇಲ್ಲಾ ನಾನೇ ಇವತ್ತು ಎಲ್ಲರ ಮುಖಾನೂ ನೋಡ್ತಾ ಇದೀನೇನೋ. ನಮ್ಮ ಈ ಎರಡು ಮೂರು ಹಳ್ಳೀಲಿ ಹೆಣ್ಣು ನೋಡಿ ಹೋದೋರಿಗೆ ಉತ್ತರ ಮನೇಲಿ ಹೇಳಲ್ಲ, ವಾರ ತುಂಬಿದ ಮೇಲೆ ಬರೋ ಸಂತೇಲಿ ಹೇಳೋದು, ಗಂಡಿನ ಕಡೆ ಹೆಂಗಸು ಬಂದು ಎಲೆ ಐತಾ ಅಂತ ಕೇಳ್ತಾಳೆ, ಒಪ್ಪಿಗೆ ಇದ್ರೆ ಎಲೆ ಕಟ್ಟು ಕೊಡೋದು, ಇಲ್ಲದಿದ್ರೆ ಎಲೆ ಬಾಡೈತೆ ಅನ್ನೋದು, ಅಷ್ಟೇ, ಯಾರ ಮಾನಾನೂ ಹೋಗಲ್ಲ, ಅವ್ರು ಹಂಗಾ ಸರಿ ಬಿಡಿ ಅಂದು ಒಣಮೆಣಸಿನಕಾಯಿ ಕೊಳ್ಳೋಕೆ ಹೋಗ್ತಾರೆ. ಅಜ್ಜಿ ನನ್ನಿಂದ ಮೂರು ಸಲ ಹಸೀ ಹಸೀ ಎಲೇನ ಬಾಡೈತೆ ಅಂದವಳು. ಮೂರನೇ ಸಲ ಆ ಗಂಡಿನ ಅವ್ವ ಎಲೆ ಮೇಲಿದ್ದ ನೀರಿನ ಹನಿ ನೋಡಿ ನಕ್ಕುಬಿಟ್ಟಿದ್ಲು. ಅಪ್ಪಯ್ಯ ಬೆಳಿಗ್ಗೆ ಗಾಡಿಗೆ ಕಿತ್ತಳೆ ಬುಟ್ಟಿ ಏರಿಸುವಾಗ ನನ್ನ ಮುಖ ನೋಡದೆ ಹೇಳಿದ್ದು, ಮುದ್ದಿ, ನಿನ್ನ ಇಷ್ಟ ಏನೋ ಹಂಗೇ ಆಗ್ಲಿ, ಆದ್ರೆ ಇನ್ಮೇಲೆ ನಾನು ಯಾರ ಜಗಲಿಗೂ ಹೋಗಿ ಕೂತು ಕೇಳಲ್ಲ. ಬೈದಿದ್ರೆ ಚೆನ್ನಾಗಿತ್ತು. ನಂಗೆ ಹತ್ತೊಂಬತ್ತು, ಗೆಳತಿ ಸಣ್ಣಿಗೂ ಹತ್ತೊಂಬತ್ತೇ, ಅವಳ ಮಗು ಆಗ್ಲೇ ಅಂಬೆಗಾಲಿಡ್ತೈತೆ, ಅವಳು ಹೇಳ್ತಾಳೆ, ನೀನು ಕಾಯ್ತಾ ಇರೇ ರಾಣಿ, ಕುದುರೆಗೆ ಲಾಳ ಹೊಡೀತಾವ್ರೆ, ಅದಕ್ಕೇ ತಡ.

ಕುದುರೆ. ಎಲ್ಲಾ ಆ ಕುದುರೆಯಿಂದ. ಅವ್ವ ಹೋದಾಗ ನಂಗೆ ಮೂರು ವರ್ಷ, ಊಟ ಅಂದ್ರೆ ಬಾಯಿ ಬಿಗಿ ಹಿಡೀತಿದ್ದೆನಂತೆ, ಅಜ್ಜಿ ಸೊಂಟದ ಮೇಲೆ ಕೂರಿಸ್ಕೊಂಡು ಹಿತ್ಲಲ್ಲಿ ಹಲಸಿನ ಮರ ಸುತ್ತುತಾ, ಒಂದೂರಲ್ಲಿ ಒಬ್ಬ ರಾಜನ ಮಗಳು, ಏಳು ಕೋಟೆ ಒಳಗೆ ರಾಕ್ಷಸ ಕೂಡಿ ಹಾಕವ್ನೆ, ಹಾಲು ಬಣ್ಣದ ಕುದುರೆ ಮೇಲೆ ರಾಜನ ಮಗ ಹೊರಟ, ಬಾಯಿ ತೆಗಿ, ಒಂದನೇ ಸಮುದ್ರ ದಾಟಿದ, ಗುಳುಂ, ಬಾಯಿ ತೆಗಿ, ಎರಡನೇ ಸಮುದ್ರ — ಏಳು ತುತ್ತು ಏಳು ಸಮುದ್ರ, ಅನ್ನ ತಿಂದಷ್ಟೂ ಅವ್ನು ಹತ್ರ ಹತ್ರ ಬರ್ತಿದ್ದ, ನೀನು ತಿನ್ನದಿದ್ರೆ ಅವ್ನು ನಡುನೀರಲ್ಲೇ ನಿಂತಿರ್ತಾನೆ ಕಣೇ, ಕುದುರೆ ಕಾಲು ನೆನೀತದೆ ಕಣೇ ಅಂತ ಅಜ್ಜಿ ಹೆದರಿಸೋಳು, ಆ ಕುದುರೆ ಕಾಲಿಗೋಸ್ಕರ ನಾನು ಎಷ್ಟು ಕಡುಬು ನುಂಗಿದೀನೋ. ಕೊನೆಗೆ ಕುದುರೆ ತಾನೇ ಬಂದು ಬಾಗಿಲ ಮುಂದೆ ನಿಲ್ತದೆ, ಯಾರೂ ಹಿಡೀದೆ ಕಟ್ಟದೆ, ಅದೇ ಗುರುತು, ರಾಜನ ಮಗಳು ಮುಖ ನೋಡ್ದೇನೇ ಇವನೇ ಅಂತಾಳೆ. ಆಮೇಲೆ ರಾಜನ ಮಗ ಒಳಗೆ ಬಂದು ಏನ್ ಮಾಡ್ತಾನೆ, ಗಂಜಿ ಬಟ್ಟಲು ತಗೊಂಡು ಊದಿ ಊದಿ ಆರಿಸಿ ಅವಳಿಗೆ ಕುಡಿಸ್ತಾನೆ. ಅದು ಮಾತ್ರ ನಂಗೆ ಯಾವತ್ತೂ ಹಿಡಿಸ್ಲಿಲ್ಲ. ರಾಕ್ಷಸನ್ನ ಕೊಂದು ಬಂದೋನು ಗಂಜಿ ಯಾಕೆ ಊದ್ತಾನೆ, ಆಳುಗಳಿಲ್ವಾ. ಅಜ್ಜಿ ಅದನ್ನ ಒಂದ್ಸಲಾನೂ ಬಿಡ್ತಿರಲಿಲ್ಲ. ನಾನು ಅದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ನಂಬಿದೆ. ಕಾಫಿ ಎಸ್ಟೇಟಿನ ದೊರೆ ಕುದುರೆ ಮೇಲೆ ನಮ್ಮ ಗದ್ದೆ ಬದುವಲ್ಲಿ ಹೋದಾಗ, ನಾನು ಆರು ವರ್ಷದೋಳು, ಅಜ್ಜಿ ಇವ್ನಾ ಅಂತ ಜೋರಾಗಿ ಕೇಳಿದೆನಂತೆ, ಅಜ್ಜಿ ನನ್ನ ಬಾಯಿಗೆ ಸೆರಗು ತುರುಕಿ, ಥೂ ಆ ಕೆಂಪು ಮೂತೀನಾ, ಸುಮ್ನಿರೇ ಅಂದ್ಲಂತೆ. ಮೂರು ಗಂಡು ಬಂದ್ರು, ಮೊದಲನೇಯೋನು ಎತ್ತಿನ ಗಾಡೀಲಿ ಬಂದ, ಆ ಎತ್ತಿನ ಒಂದು ಕೊಂಬು ಬೇರೆ ಮುರಿದಿತ್ತು, ಎರಡನೇಯೋನು ಪಾಯಸ ಸೊರ್ರ್ ಅಂತ ಕುಡಿದ, ಮೂರನೇಯೋನು ಚೆನ್ನಾಗಿದ್ದ, ನಿಜ ಹೇಳ್ಬೇಕಂದ್ರೆ ಬಹಳ ಚೆನ್ನಾಗಿದ್ದ, ಆದ್ರೆ ನಮ್ಮ ನಾಯಿ ಬೊಗಳಿದ್ದಕ್ಕೆ ತನ್ನ ಅವ್ವನ ಹಿಂದೆ ಸರಿದ, ನಾಯಿಗೇ ಹಿಂಗಾದ್ರೆ ರಾಕ್ಷಸಂಗೆ ಏನ್ ಮಾಡ್ತಾನೆ ಅಂದೆ, ಅಪ್ಪಯ್ಯ ಹಣೆ ಹಣೆ ಚಚ್ಕೊಂಡ.

ನಾಲ್ಕನೇಯೋನು ಬೊಮ್ಮ. ರಾಜನ ಮಗಂಗೆ ಬೊಮ್ಮ ಅಂತ ಯಾರಾದ್ರೂ ಹೆಸರಿಡ್ತಾರಾ, ಸಣ್ಣಿ ಬಿದ್ದು ಬಿದ್ದು ನಕ್ಲು. ಹೋದ ಶುಕ್ರವಾರ, ನಾನೂ ಅವಳೂ ಅಟ್ಟದ ಮೇಲೆ, ಹೆಂಚು ಸರಿದ ಸಂದೀಲಿ ಒಂದೊಂದು ಕಣ್ಣು ಇಟ್ಕೊಂಡು, ಬಿಸಿಲು ಚುರುಚುರು, ಕೆಳಗೆ ಕಡುಬಿನ ಹಬೆ ವಾಸನೆ, ನಾನು ಅವ್ವನ ಹಳದಿ ಸೀರೆ ಉಟ್ಟು ಮೂಗುತಿ ಹಾಕ್ಕೊಂಡು ಧೂಳಲ್ಲಿ ಬೋರಲು ಮಲಗಿದೀನಿ — ಟಕ್ ಟಕ್ ಟಕ್ — ಕುದುರೆ! ಸಣ್ಣಿ ನನ್ನ ಚಿವುಟಿದ್ಲು, ನಾನು ಅವಳನ್ನ ಚಿವುಟಿದೆ, ಬಿಳೀದು, ಹಾಲಿನಷ್ಟು ಅಲ್ಲ, ಮಜ್ಜಿಗೆಯಷ್ಟು ಅನ್ನಬಹುದು, ಕುದುರೆ ಅನ್ನೋದಕ್ಕಿಂತ ತಟ್ಟು, ಇರ್ಲಿ, ಅದು ಗೇಟು ದಾಟಿ ಬಂದು ನಮ್ಮ ಬಾಗಿಲ ಮುಂದೆ ತಾನೇ ನಿಂತುಬಿಡ್ತು! ಈಗ ಗೊತ್ತು, ಜಗಲಿ ಮೇಲೆ ಭತ್ತದ ಹುಲ್ಲು ಹರಡಿತ್ತು, ಅದಕ್ಕೆ ನಿಂತಿದ್ದು, ಆವಾಗ ಹುಲ್ಲು ಯಾರಿಗೆ ಕಾಣ್ತದೆ. ಮೇಲಿಂದ ಒಂದು ರುಮಾಲು, ಒಂದು ಕೋಟು, ಎರಡು ಬೂಟು ಕಂಡ್ವು. ಹಿಂದಿಂದ ಒಬ್ಬ ಓಡಿ ಬಂದು ಕಡಿವಾಣ ಹಿಡಿದು ಕೋಟಿನೋರನ್ನ ಇಳಿಸಿದ, ಪಂಚೆ ಮೇಲೆ ಕಟ್ಟಿದ್ದ, ಮೊಣಕಾಲ ತನಕ ಗದ್ದೆ ಕೆಸರು, ಕುದುರೆ ಆಳು ಅಂದ್ಕೊಂಡೆ. ನಾನು ಅಟ್ಟದಿಂದ ಇಳಿದಿದ್ದಲ್ಲ, ಹಾರಿದ್ದು. ನೀರಿನ ಚೊಂಬು ಹಿಡ್ಕೊಂಡು ಜಗಲಿಗೆ ಹೋದೆ, ತಲೆ ಎತ್ತಬಾರ್ದಲ್ಲ, ಬೂಟು ಮಾತ್ರ ಕಾಣ್ತಿತ್ತು, ಆ ಬೂಟಿನ ಮೇಲೇ ನೀರು ಹೊಯ್ದೆ, ಅಯ್ಯಯ್ಯೋ ಏನಮ್ಮ ಇದು ಅಂದ್ರು ಅವ್ರು, ದನಿ ಸ್ವಲ್ಪ ದಪ್ಪ ಅನ್ನಿಸ್ತು, ರಾಜನ ಮಗನ ದನಿ ದಪ್ಪಾನೇ ಇರ್ತದೆ ಅಂದ್ಕೊಂಡೆ. ಕೆಸರು ಕಾಲಿನೋನು ಪಕ್ಕದಲ್ಲಿ ನಿಂತು, ನಂಗೂ ಸ್ವಲ್ಪ ನೀರು ಅಂದ. ನಾನು ಏನಂದೆ — ನೆನಸ್ಕೊಂಡ್ರೆ ಈಗ್ಲೂ ಈ ಕಿತ್ತಳೆ ರಾಶಿ ಒಳಗೆ ತಲೆ ಹುಗಿಸ್ಕೊಳ್ಳೋಣ ಅನ್ನಿಸ್ತದೆ — ಹಿತ್ಲಲ್ಲಿ ಬಾವಿ ಐತೆ, ಸೇದ್ಕೊಂಡು ಕುಡಿ ಹೋಗು, ಕುದುರೆಗೂ ಕುಡಿಸು ಅಂದೆ. ಅವ್ನು ಸರಿ ಅಂದು ಹೋದ. ಹೋದ! ತಟ್ಟುನೂ ಕರ್ಕೊಂಡು ಹೋದ. ಬೂಟಿನೋರು ಪೆಟ್ಟಿಗೆ ತೆಗೆದು ಏನೋ ಹುಡುಕುತಾ, ಕೈ ಕೊಡಮ್ಮ ಅಂದ್ರು. ಹಾಡಹಗಲೇ! ಅಪ್ಪಯ್ಯ ಒಳಗೆ, ಅಜ್ಜಿ ಒಳಗೆ, ಕೈ ಕೇಳ್ತಾವ್ರೆ, ನನ್ನ ಎದೆ ಒನಕೆ ಕುಟ್ಟಿದಂಗೆ, ಏಳು ಸಮುದ್ರ ದಾಟಿ ಬಂದೋರಿಗೆ ಇಲ್ಲ ಅನ್ನೋಕಾಗ್ತದಾ, ಕಣ್ಣು ಮುಚ್ಚಿ ಕೈ ಚಾಚಿದೆ, ಅವ್ರು ಕುಪ್ಪಸದ ತೋಳು ಮೇಲೆ ಸರಿಸಿದ್ರು, ತಣ್ಣಗೆ ಏನೋ ಒರೆಸಿದ್ರು, ಆಮೇಲೆ ಗರ್ರ್ ಅಂತ ಗೀರಿಬಿಟ್ರು! ಅಮ್ಮಾ ಅಂತ ಕಿರುಚಿದ್ದು ಗದ್ದೆ ಆಚೆ ತನಕ ಕೇಳಿಸ್ತಂತೆ. ಕಣ್ಣು ಬಿಟ್ರೆ ಎದುರಿಗೆ ಒಂದು ಹೊಟ್ಟೆ, ಕನ್ನಡಕ, ಬಿಳೀ ಮೀಸೆ, ನಮ್ಮ ಅಪ್ಪಯ್ಯನಿಗಿಂತ ದೊಡ್ಡೋರು. ಮಡಿಕೇರಿಯಿಂದ ಹೊಸದಾಗಿ ಬಂದ ದಾಕಿನಯ್ಯ, ಗಂಡಿನೋರು ಬರೋ ಹೊತ್ತಿಗೇ ಬಂದವ್ರೆ. ವರ್ಷಾ ವರ್ಷಾ ದಾಕಿನೋರು ಬಂದಾಗ ಅಜ್ಜಿ ನನ್ನ ಕಣಜದೊಳಗೆ ಕೂರಿಸಿ ಮುಚ್ತಿದ್ಲು, ನಾನು ಅವ್ರನ್ನ ನೋಡಿದ್ದೆಲ್ಲಿ. ಊರ ಹುಡುಗ್ರು, ಹೆಂಗಸ್ರು, ಎಲ್ಲಾ ಸೇರ್ಬಿಟ್ರು, ಸಿಂಗಾರ ಮಾಡ್ಕೊಂಡು ಬಂದು ದಾಕು ಹಾಕಿಸ್ಕೊಂಡ್ಳಲ್ಲಪ್ಪೋ ಅಂತ ಯಾರೋ ಅಂದ್ರು, ಸಣ್ಣಿ ಕಂಬ ಹಿಡ್ಕೊಂಡು ನಗ್ತಾವ್ಳೆ, ಗಂಡಿನ ದೊಡ್ಡಪ್ಪ ಆಗಷ್ಟೇ ಗೇಟು ದಾಟಿ ಬರ್ತಾವ್ರೆ, ಅಪ್ಪಯ್ಯ ಓಡಿ ಬಂದು ಅಯ್ಯೋ ಗಂಡು ಅವ್ನು ಕಣೇ ಅಂತ ಬಾವಿ ಕಡೆ ಬೆರಳು ತೋರಿಸ್ತಾನೆ, ನಾನು ಅಳ್ತಾ ನಿಂತಿದೀನಿ, ಮೂಗುತಿ ಮೇಲೆಲ್ಲಾ ಕಣ್ಣೀರು, ಮತ್ತೆ ಆ ಬಾವಿ ಕಡೆಯಿಂದ ಅವ್ನು, ಒದ್ದೆ ಮುಖ, ಒಂದು ಕೈಯಲ್ಲಿ ಕಡಿವಾಣ, ನನ್ನ ನೋಡಿದ, ನಗೋ ಜನಾನ ನೋಡಿದ, ತಟ್ಟುನ ಕಂಬಕ್ಕೆ ಕಟ್ಟಿ, ನಂಗೂ ಹಾಕಿ ಸ್ವಾಮಿ ಅಂದ. ಕಣ್ಣು ಗಟ್ಟಿಯಾಗಿ ಮುಚ್ಕೊಂಡ. ಕೈ ಚಾಚಿದ. ಗೀರಿದ ಕೂಡ್ಲೇ ನನಗಿಂತ ಜೋರಾಗಿ ಅವ್ವಾಆಆ ಅಂದ. ಜನ ಎಲ್ಲಾ ಅವನ ಕಡೆ ತಿರುಗಿ ಹೊಟ್ಟೆ ಹಿಡ್ಕೊಂಡು ನಕ್ರು, ಊಟದ ಎಲೆ ಹಾಸೋ ತನಕ ನಕ್ರು, ಇಷ್ಟು ದೊಡ್ಡ ಗಂಡಸು ನೋಡ್ರಪ್ಪಾ ಅಂತ, ನನ್ನ ಕಡೆ ಆಮೇಲೆ ಯಾರೂ ನೋಡ್ಲಿಲ್ಲ.

ಎಂದಾ ಮೋಳೆ, ಕಿತ್ತಳೆ ಸಿಹಿ ಉಂಟಾ — ಬಟ್ಟೆ ಗಂಟು ಹೊತ್ತ ಮಲೆಯಾಳ ಸೀಮೆ ಮಾಪಿಳ್ಳೆ ಕಾಕ ಎದುರಿಗೆ ಕೂತವ್ನೆ, ಏನು ಮಗಳೇ ಅನ್ನೋದನ್ನ ಅವ್ನು ಅನ್ನೋದೇ ಹಂಗೆ, ಒಂದು ಸುಲಿದು ಕೊಡ್ಬೇಕು, ಎಡಗೈ ಎತ್ತೋಕಾಗಲ್ಲ, ಹಲ್ಲಲ್ಲಿ ಕಚ್ಚಿ ಬಲಗೈಲಿ ಸುಲಿದೆ, ಸಿಪ್ಪೆ ರಸ ಕಣ್ಣಿಗೆ ಚಿಮ್ತು, ಕಾಕ ನಕ್ಕು ಒಂದು ಬುಟ್ಟಿ ತಗೊಂಡ, ಹೋದ. ಅಜ್ಜಿ ಎಲೆ ಮೇಲೆ ನೀರು ಚಿಮುಕಿಸಿದ್ಲು. ಏನಂತೀಯೇ, ಅವ್ರು ಬರೋ ಹೊತ್ತಾಯ್ತು, ಬಾಡೈತಾ ಬಾಡಿಲ್ವಾ. ನಂಗೇನ್ ಗೊತ್ತು ಅಜ್ಜಿ. ನಿಂಗಲ್ದೆ ಉಪ್ಪಿನ ಗಾಡಿಯೋನಿಗೆ ಗೊತ್ತಾ. ಅವ್ನು ಕಣ್ಣು ಮುಚ್ಕೊಂಡ ಅಜ್ಜಿ. ನೀನೂ ಮುಚ್ಕೊಂಡೆ. ನಾನು ಮುಚ್ಕೊಂಡಿದ್ದು ಬೇರೆ! ರಾಜನ ಮಗ ಕಣ್ಣು ಮುಚ್ತಾನಾ, ಅವ್ವಾ ಅಂತಾನಾ, ಒಂದು ಗೀರಿಗೆ ಹಂಗೆ ಕೂಗೋನು — ಆದ್ರೆ ಯಾಕೆ ಹಾಕಿಸ್ಕೊಂಡ, ಹೆದರೋನು ಯಾಕೆ ಕೈ ಕೊಟ್ಟ, ಎಂಟು ದಿನದಿಂದ ಇದನ್ನೇ ಕೆರೀತಿದೀನಿ, ರಟ್ಟೆ ಬದಲು ಇದನ್ನ. ಕುದುರೇನೂ ಇಲ್ಲ ಅಜ್ಜಿ ಅವನ ಹತ್ರ, ಅಂದೆ, ತಮಾಷೆಗೆ ಅಂದೆ, ಪೂರ್ತಿ ತಮಾಷೆ ಏನಲ್ಲ. ಅಜ್ಜಿ ಎಲೆ ಅಡಿಕೆ ಅಗಿಯೋದು ನಿಲ್ಲಿಸಿದ್ಲು. ಕುದುರೆ ಎಲ್ಲಿತ್ತೇ ಹುಚ್ಚಿ, ಕುದುರೆ ನಾನು ಸೇರಿಸಿದ್ದು, ನೀನು ಬಾಯಿ ತೆಗೀಲಿ ಅಂತ. ಸಮುದ್ರ? ಸಮುದ್ರಾನೂ ನಾನೇ, ಹುಟ್ಟಿದಾಗಿಂದ ಹೇಮಾವತಿ ಹೊಳೆ ದಾಟಿದ್ದು ಬಿಟ್ರೆ ನಾನು ಯಾವ ಸಮುದ್ರ ನೋಡಿದೀನಿ, ಏಳು ತುತ್ತು ಬೇಕಿತ್ತು, ಏಳು ಸಮುದ್ರ ಮಾಡ್ದೆ, ನೀನು ಹತ್ತು ತುತ್ತು ತಿನ್ನೋಳಾಗಿದ್ರೆ ಹತ್ತು ಮಾಡ್ತಿದ್ದೆ. ಹಂಗಾದ್ರೆ ರಾಕ್ಷಸ? ನನ್ನ ಅತ್ತೆ, ಅಂದ್ಲು ಅಜ್ಜಿ, ಎಷ್ಟು ಸಲೀಸಾಗಿ ಅಂದ್ಲು ಅಂದ್ರೆ ನನ್ನ ಮೂಗಿಂದ ಕಿತ್ತಳೆ ರಸ ಬಂದ್ಬಿಡ್ತು. ಎಲ್ಲಾ ಸುಳ್ಳಾ ಅಜ್ಜಿ? ಗಂಜಿ ಸುಳ್ಳಲ್ಲ. ಅಜ್ಜಿ ನನ್ನ ಕಡೆ ನೋಡದೆ ಎಲೆ ಕಡೆ ನೋಡ್ಕೊಂಡು ಅಂದ್ಲು, ಒಂಬತ್ತು ವರ್ಷಕ್ಕೆ ಕೊಟ್ಟುಬಿಟ್ರು ಕಣೇ ನನ್ನ, ಯಾರೂ ಕೇಳ್ಲಿಲ್ಲ, ಹೊಸ ಮನೆ, ಬಂದ ಮೂರನೇ ದಿನ ಜ್ವರ, ಮೂಲೇಲಿ ಬಿದ್ದಿದ್ದೆ, ನಿಮ್ಮಜ್ಜ ಇನ್ನೂ ಹನ್ನೆರಡು ವರ್ಷದ ಹೈದ, ಮೂಗು ಸೋರಿಸ್ಕೊಂಡು ಬಂದು ಗಂಜಿ ಬಟ್ಟಲು ಹಿಡ್ಕೊಂಡು ಊದಿ ಊದಿ ಆರಿಸ್ದ, ಅರ್ಧ ಚೆಲ್ಲಿದ, ಅರ್ಧ ಕುಡಿಸ್ದ, ಅವರವ್ವ ನೋಡಿದ್ರೆ ಬೀಳ್ತಿತ್ತು ಅವನಿಗೂ. ಅಷ್ಟೇ ನನ್ನ ಕತೆ. ನೀನು ಕೇಳ್ದಾಗೆಲ್ಲಾ ಅದನ್ನ ಬಿಡಜ್ಜಿ ಅದನ್ನ ಬಿಡಜ್ಜಿ ಅಂತಿದ್ದೆ. ನಾನು ಅಜ್ಜನ್ನ ನೋಡಿದೀನಿ, ಗುಜ್ಜ, ಮೆಳ್ಳೆಗಣ್ಣು, ನಡೆದ್ರೆ ಪಕ್ಕಕ್ಕೆ ವಾಲ್ತಿದ್ದ, ಬೀಡಿ ವಾಸನೆ, ಆ ಅಜ್ಜ, ಆ ಅಜ್ಜನ್ನ ಹಾಲು ಬಣ್ಣದ ಕುದುರೆ ಮೇಲೆ ಕೂರಿಸಿ ಹದಿನಾರು ವರ್ಷದಿಂದ ನನ್ನ ಬಾಯಿಗೆ ತುತ್ತು ಇಡ್ತಾವ್ಳೆ ಈ ಮುದುಕಿ, ನಾನು ಕುದುರೇನ ಇಟ್ಕೊಂಡು ಅಜ್ಜನ್ನ ಉಗಿದಿದೀನಿ, ನಗು ಬರ್ತೈತೆ, ಬರೀ ನಗು ಅಲ್ಲ, ಬಿದ್ದಿದ್ದ ಕಿತ್ತಳೆ ಸಿಪ್ಪೇನ ಕೈಗೆ ತಗೋತೀನಿ.

ಬಂದ್ರು, ಬಂದ್ರು, ರುದ್ರಮ್ಮ, ಅವನ ಅವ್ವ, ಕೆಂಪಂಚಿನ ಸೀರೆ, ಒಬ್ಬಳೇ, ಕಂಕುಳಲ್ಲಿ ಬುಟ್ಟಿ, ಏನ್ರಮ್ಮಾ ಕಿತ್ತಳೆ ಭರ್ಜರಿ ಬಂದಂಗೈತೆ ಈ ಸಲ ಅಂತ ಅಜ್ಜಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ್ಲು, ಬನ್ನಿ ರುದ್ರಮ್ಮ ಒಂದು ತಿನ್ನಿ ಅಂತ ಅಜ್ಜಿ, ಎಲೆ ಮಾತು ಇನ್ನೂ ಯಾರೂ ಎತ್ತಲ್ಲ, ಹಂಗೆ ಮೊದಲೇ ಎತ್ತಬಾರ್ದು, ಮೊದಲು ಕಿತ್ತಳೆ, ಆಮೇಲೆ ಚಳಿ, ಆಮೇಲೆ ಎಮ್ಮೆ, ನಾನು ತಲೆ ತಗ್ಗಿಸಿ ಸಿಪ್ಪೇನ ಚೂರು ಚೂರು ಮಾಡ್ತಿದೀನಿ. ಮಗಳೇ ಕೈ ಹೆಂಗೈತೆ ಅಂತ ರುದ್ರಮ್ಮ ನನ್ನೇ ಕೇಳಿದ್ಲು. ಎದ್ದೈತೆ ಅಂದೆ, ಗುಳ್ಳೆ. ಅಯ್ಯೋ ನಮ್ಮೋನಿಗೂ ಎದ್ದೈತಮ್ಮ, ಎರಡು ದಿನ ಜ್ವರ, ಮಲಗಿದ್ದಲ್ಲೇ ಅವ್ವಾ ಅವ್ವಾ, ಮಗೂಗಿಂತ ಕಡೆ — ಅಂದು, ಬಗ್ಗಿ, ದನಿ ಸಣ್ಣ ಮಾಡಿ, ಅದೇನ್ ಮಾಯ ಮಾಡಿದ್ಯೇ ತಾಯಿ ನೀನು, ಇವ್ನು ಏಳು ವರ್ಷದೋನಿದ್ದಾಗ ದಾಕಿನೋರು ಬಂದ್ರು ಅಂತ ಹಲಸಿನ ಮರ ಹತ್ತಿ ಕೂತೋನು ಬೆಳಿಗ್ಗೆಯಿಂದ ಸಂಜೆ ತನಕ ಇಳೀಲಿಲ್ಲ, ಅವರಪ್ಪ ಕೋಲು ತಗೊಂಡು ಕೆಳಗೆ ನಿಂತ್ರೂ ಇಳೀಲಿಲ್ಲ, ಮರದ ಮೇಲೇ ಉಚ್ಚೆ ಹೊಯ್ಕೊಂಡ, ಅಲ್ಲಿಂದ ಈಚೆಗೆ ದಾಕಿನೋರು ಅಂದ್ರೆ ಊರೇ ಬಿಟ್ಟು ಓಡೋನು, ಈಗ ಇಪ್ಪತ್ನಾಲ್ಕು ತುಂಬೈತೆ, ಇಲ್ಲೀ ತನಕ ಒಬ್ಬರ ಕೈಗೂ ಸಿಕ್ಕೋನಲ್ಲ, ನಿಮ್ಮ ಜಗಲೀಲಿ ತಾನೇ ಹೋಗಿ ಕೈ ಚಾಚಿದ ಅಂತ ಅವರ ದೊಡ್ಡಪ್ಪ ಬಂದು ಹೇಳಿದ್ರೆ ನಾನು ನಂಬ್ಲೇ ಇಲ್ಲ, ಯಾಕೋ ಬೊಮ್ಮ ಹಾಕಿಸ್ಕೊಂಡೆ ಅಂದ್ರೆ, ಎಲ್ಲಾ ಆ ಹುಡುಗೀನ ನೋಡಿ ನಗ್ತಿದ್ರು ಕಣವ್ವ, ಅಂದ. ಅಷ್ಟೇ ಅಂದ. ರುದ್ರಮ್ಮ ಬಾಯಿಗೆ ಒಂದು ತೊಳೆ ಹಾಕ್ಕೊಂಡ್ಲು. ಸಂತೆ ಗದ್ದಲ ಎಲ್ಲಾ ಎಲ್ಲೋ ದೂರ ಹೋದಂಗಾಯ್ತು, ಗಂಜಿ ಊದೋ ಸದ್ದು ಹೆಂಗಿರ್ತದೆ, ಫೂ, ಫೂ — ಸಿಹಿ ಐತೆ ಹಣ್ಣು, ಅಂದ್ಲು ರುದ್ರಮ್ಮ, ಸೆರಗಲ್ಲಿ ಕೈ ಒರೆಸ್ಕೊಂಡ್ಲು, ಆಮೇಲೆ ಅಜ್ಜಿ ಕಡೆ ನೋಡಿ, ಮುಖ ಸ್ವಲ್ಪ ಬಿಗಿಯಾಯ್ತು ಅವಳದು, ಅಮ್ಮಾ, ಎಲೆ ಐತಾ.

ಅಜ್ಜಿ ನನ್ನ ನೋಡ್ತಾವ್ಳೆ. ನಾನು ರುದ್ರಮ್ಮನ ಹಿಂದೆ ನೋಡ್ತಿದೀನಿ, ಉಪ್ಪಿನ ಗಾಡಿ ಪಕ್ಕ ಒಬ್ಬ ನಿಂತವ್ನೆ, ಹಗ್ಗದ ಸುರುಳಿ ಬಲ ಹೆಗಲ ಮೇಲೆ, ಈ ಕಡೆ ಬರೋದಾ ಬೇಡ್ವಾ ಅಂತ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ, ಇವತ್ತು ಕಾಲಲ್ಲಿ ಕೆಸರಿಲ್ಲ, ಉಜ್ಜಿ ತೊಳೆದವ್ನೆ, ಮುಖ ಅಂಥಾ ಏನೂ ಅಲ್ಲ, ಕಿವಿ ದೊಡ್ಡದು, ಸಣ್ಣಿ ನಗ್ತಾಳೆ, ನಗ್ಲಿ, ಜನ ನುಗ್ತಾವ್ರೆ, ಅವ್ನು ಎಡಗೈನ ಮೈಯಿಂದ ಒಂದು ಗೇಣು ದೂರ ಹಿಡ್ಕೊಂಡವ್ನೆ, ರೆಕ್ಕೆ ನೋಯಿಸ್ಕೊಂಡ — ನನ್ನ ಹಂಗೇ, ನನ್ನ ಹಂಗೇ ಹಿಡ್ಕೊಂಡವ್ನೆ, ಯಾರಾದ್ರೂ ತಾಗಿಬಿಟ್ರೆ ಅಂತ ಮುಖ ಕಿವುಚ್ತಾನೆ, ಅಜ್ಜಿ ನಾನೇ ಕೊಡ್ತೀನಿ ಅಂದೆ, ನನ್ನ ದನಿ ನಂಗೇ ಹೊಸದು, ಹಂಗೆಲ್ಲಾ ಹುಡುಗಿ ಕೊಡೋ ಪದ್ಧತಿ ಇಲ್ಲ ಕಣೇ ಅಂತ ಅಜ್ಜಿ, ಅಂತಾನೇ ಕಟ್ಟು ನನ್ನ ಮಡಿಲಿಗೆ ಹಾಕಿದ್ಲು, ರುದ್ರಮ್ಮ ಎರಡು ಕೈಯಲ್ಲೂ ಬಾಯಿ ಮುಚ್ಕೊಂಡು ತಿರುಗಿ, ಬೊಮ್ಮಾ ಬಾರೋ ಇಲ್ಲಿ ಅಂತ ಸಂತೆಗೆಲ್ಲಾ ಕೇಳೋ ಹಂಗೆ ಕೂಗಿದ್ಲು, ಅವ್ನು ಬಂದ, ಕಿತ್ತಳೆ ರಾಶಿ ಆಚೆ ನಿಂತ, ನಾನು ಬಲಗೈಲಿ ಕಟ್ಟು ಚಾಚಿದೆ, ಎಲೆ ಬಾಡಿಲ್ಲ, ಅಂದೆ, ಬಾವಿ ನೀರು ಸೇದ್ಕೊಳ್ಳೋದು ಬೇಡ, ಇನ್ಮೇಲೆ ನಾನೇ ಕೊಡ್ತೀನಿ ಅಂತಾನೂ ಹೇಳ್ಬೇಕಿತ್ತು, ಬರ್ಲಿಲ್ಲ, ಅವ್ನು ಬಗ್ಗಿದ, ಬಗ್ಗೋವಾಗ ಅಂಗಿ ತೋಳು ಮೇಲೆ ಸರೀತು, ಬಟ್ಟೆ ತಾಗಬಾರ್ದು ಅಂತ ಮಡಿಚಿದ್ದ ತೋಳು, ನನ್ನ ಕಣ್ಣಿಗೆ ಅಷ್ಟು ಹತ್ರ, ಕೆಂಪು ಸುತ್ತು, ದುಂಡಗೆ, ನಡುವೆ ಬೆಳ್ಳಗೆ ಒಂದು ಗುಳ್ಳೆ, ಮುತ್ತಿನ ಹಂಗೆ ನೀರು ತುಂಬಿದ್ದು, ಇವತ್ತು ಬೆಳಿಗ್ಗೆ ಕನ್ನಡೀಲಿ ನೋಡ್ಕೊಂಡೆನಲ್ಲ, ಅದೇ, ಅದೇ ಜಾಗ, ಅದೇ ಅಗಲ, ಅವ್ನು ಏನೋ ಹೇಳ್ತಾವ್ನೆ, ಏನಂತ ಕೇಳಿಸ್ತಿಲ್ಲ, ಕೆಂಪು ಸುತ್ತು, ನಡುವೆ ಮುತ್ತು, ಊದ್ಬೇಕು ಅನ್ನಿಸ್ತೈತೆ, ಮೆಲ್ಲಗೆ, ಉರಿ ಆರೋ ಹಂಗೆ, ಫೂ — ಕೆಂಪು ಸುತ್ತು —